ಸಂಪಾದಕರ ಉತ್ತರ: ಕತ್ತರಿ ಹಾಕಿದರೆ ಹಬ್ಬುತ್ತದೆಯೇ?

(ಸಾಗರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ನಮ್ಮ ಮಾವಯ್ಯನಿಗೆ 61 ವರ್ಷ. ಎಡಗೆನ್ನೆಯ ಒಳಗೆ ಮೂರು ತಿಂಗಳಿಂದ ಹುಣ್ಣು. ನೋವು ಅಷ್ಟಾಗಿ ಇಲ್ಲ. ಹೊಗೆಸೊಪ್ಪು ಮುಟ್ಟಿದವರಲ್ಲ, ಬರೀ ಕವಳ (ಎಲೆಯಡಿಕೆ), ದಿನಕ್ಕೆ ಹತ್ತು ಹನ್ನೆರಡು. ಹಲ್ಲಿನ ಡಾಕ್ಟರು ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ) ಆಗಬೇಕೆಂದು 'ಹೆಡ್ ಅಂಡ್ ನೆಕ್' ವಿಭಾಗಕ್ಕೆ ಚೀಟಿ ಕೊಟ್ಟರು. ಅದನ್ನು ನೋಡಿ ಮೆದುಳಿಗೇ ಬಂತೆಂದು ಮನೆಯವರೆಲ್ಲ ಅತ್ತೆವು. ಭಾವನವರು 'ಕತ್ತರಿ ಹಾಕಿದರೆ ಹಬ್ಬುತ್ತದೆ, ಒಂದು ಮಂಡಲ ನಾಟಿ ಔಷಧಿ ನೋಡೋಣ' ಅನ್ನುತ್ತಾರೆ. ಅಡಿಕೆ ತಿಂದರೆ ಹಲ್ಲು ಗಟ್ಟಿ ಎಂದು ನಿಮ್ಮ ಪತ್ರಿಕೆಯಲ್ಲೇ ಓದಿದ ನೆನಪು. ಯಾರ ಮಾತು ಕೇಳಲಿ? ಕವಳದ ಹರಿವಾಣ ಎತ್ತಿಡಲೇ? ತಡವಾಯಿತೇನೋ?")

ಸೋದರಿ,

ನಾನು ಡಾಕ್ಟರಲ್ಲ. ಆದರೂ ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಗೆ ತಳ್ಳುವ ಹಾಗಿರಲಿಲ್ಲ. ಪತ್ರ ಕೈಸೇರಿದ ದಿನವೇ ನಿಮಗೆ ಫೋನು ಮಾಡಿ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇಂಥದೇ ಹುಣ್ಣು ಇಟ್ಟುಕೊಂಡು ಸುಮ್ಮನಿರುವವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರು.

ಮೊದಲು ಆ ಚೀಟಿಯ ಭಯ ಬಿಡಿ. ತಲೆ-ಕುತ್ತಿಗೆ ಕ್ಯಾನ್ಸರ್ ಎಂದರೆ ಮೆದುಳಿನದಲ್ಲ. ತುಟಿ, ನಾಲಿಗೆ, ಕೆನ್ನೆಯ ಒಳಭಾಗ, ವಸಡು, ಟಾನ್ಸಿಲ್, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಅಕ್ಕಪಕ್ಕದ ಟೊಳ್ಳು, ಜೊಲ್ಲಿನ ಗ್ರಂಥಿ, ಇವೆಲ್ಲ ಸೇರಿದ ವಿಭಾಗಕ್ಕೆ ಆ ಹೆಸರು. ಮಾವಯ್ಯನ ಹುಣ್ಣು ಕ್ಯಾನ್ಸರೇ ಎಂದು ಹಲ್ಲಿನ ಡಾಕ್ಟರೂ ಹೇಳಿಲ್ಲ. ಮೊನಚು ಹಲ್ಲು ತಾಗಿಯೂ ಹುಣ್ಣಾಗುತ್ತದೆ. ಆದರೆ ಅಂಥ ಹುಣ್ಣು, ಹಲ್ಲು ಉಜ್ಜಿಸಿ ನಯ ಮಾಡಿದ ಮೇಲೆ ಎರಡು ಮೂರು ವಾರದಲ್ಲಿ ಮಾಯಬೇಕು. ಇದು ಮೂರು ತಿಂಗಳಿನದು. ನೋವಿಲ್ಲ ಎಂದು ಸಮಾಧಾನ ಪಟ್ಟುಕೊಂಡಿದ್ದೀರಿ. ನನಗೆ ಆತಂಕವಾದದ್ದು ಅದೇ ಸಾಲಿಗೆ. ಬಾಯಿಯ ಕ್ಯಾನ್ಸರು ಆರಂಭದಲ್ಲಿ ಬಹಳ ಸಲ ನೋಯುವುದೇ ಇಲ್ಲ.

ಇನ್ನು ಭಾವನವರ ಮಾತು. ಅವರನ್ನು ಹಳಿಯಬೇಡಿ. ಕತ್ತರಿ ಹಾಕಿದ ಮೇಲೆ ಹಬ್ಬಿದ್ದನ್ನು ಅವರು ಕಣ್ಣಾರೆ ಕಂಡೇ ಇರಬಹುದು. ಅದು ಹೇಗಾಗುತ್ತದೆ ನೋಡಿ: ಆರು ತಿಂಗಳು ತಡ ಮಾಡಿ ಹೋಗುತ್ತಾರೆ, ಬಯಾಪ್ಸಿ ಆಗುತ್ತದೆ, ಹೆಸರು ಕೇಳಿ ಹೆದರಿ ಊರಿಗೆ ಮರಳುತ್ತಾರೆ, ಪುಡಿ, ಕಷಾಯ, ಹರಕೆ ಎಂದು ಮತ್ತೆರಡು ತಿಂಗಳು. ಅಷ್ಟರಲ್ಲಿ ಕುತ್ತಿಗೆಯಲ್ಲಿ ಗಂಟು. ಊರಿನ ಲೆಕ್ಕದಲ್ಲಿ ತಪ್ಪು ಕತ್ತರಿಯದು! ಬಯಾಪ್ಸಿಗೆ ತೆಗೆಯುವುದು ಕಡಲೆಬೇಳೆಯಷ್ಟು ಚೂರು, ಅದೂ ಮರಗಟ್ಟಿಸುವ ಸೂಜಿ ಕೊಟ್ಟು. ಅದರಿಂದ ಬಾಯಿಯ ಕ್ಯಾನ್ಸರು ಹಬ್ಬುವುದಿಲ್ಲ. ಆ ಚೂರಿನ ವರದಿ ಇಲ್ಲದೆ ಯಾವ ಡಾಕ್ಟರೂ ಚಿಕಿತ್ಸೆಗೆ ಕೈಹಾಕಲಾರರು. ಮಂಡಲ ಎಂದರೆ 48 ದಿನ. ಭಾವನವರ ಹತ್ತಿರ ನಾನು ಕೇಳಿಕೊಳ್ಳುವುದು ಇಷ್ಟೇ, ಮೊದಲು ವರದಿ ಬರಲಿ.

ಕುತ್ತಿಗೆಯ ಗಂಟು ಎಂದೆನಲ್ಲ, ಅದು ಬಹಳ ಮುಖ್ಯ. ಕೆನ್ನೆ, ನಾಲಿಗೆಯ ಕ್ಯಾನ್ಸರು ದೇಹ ಸುತ್ತುವ ಮೊದಲು ಸಾಮಾನ್ಯವಾಗಿ ಕುತ್ತಿಗೆಯ ಹಾಲ್ರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ತಂಗುತ್ತದೆ. ಗಂಟು ಕೈಗೆ ಸಿಗದಿದ್ದಾಗಲೂ ಆ ಗ್ರಂಥಿಗಳನ್ನು ತೆಗೆಯಬೇಕೇ ಎಂದು ಸರ್ಜನ್‌ಗಳು ಬಹುಕಾಲ ವಾದಿಸಿದ್ದುಂಟು. ಅದನ್ನು ಬಹುಮಟ್ಟಿಗೆ ಬಗೆಹರಿಸಿದವರು ನಮ್ಮ ದೇಶದವರೇ. ಮುಂಬೈನ ಟಾಟಾ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದ ಹಂತದ ರೋಗಿಗಳ ಪೈಕಿ ಮೊದಲ ಆಪರೇಷನ್ನಿನಲ್ಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ನೂರಕ್ಕೆ 80. ಗಂಟು ಬಂದ ಮೇಲೆ ನೋಡೋಣ ಎಂದು ಕಾದವರಲ್ಲಿ 67.5. ಕೆನ್ನೆಯ ಹುಣ್ಣಿಗೆ ಕುತ್ತಿಗೆ ಯಾಕೆ ಕೊಯ್ಯುತ್ತಾರೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಇದನ್ನು ಹೇಳಿ.

ಆಪರೇಷನ್ ಆದ ಮೇಲೆ 'ಕರೆಂಟ್ ಕೊಡುವುದು' ಬೇಕಾದರೂ ಬೇಕಾದೀತು. ರೇಡಿಯೇಷನ್ನಿಗೆ ನಮ್ಮ ಕಡೆ ಆ ಹೆಸರು, ಶಾಕ್ ಹೊಡೆಸುತ್ತಾರೆಂದು ಹೆದರಿದವರನ್ನೂ ಕಂಡಿದ್ದೇನೆ. ಅಂಥದ್ದೇನಿಲ್ಲ, ಕೊಡುವಾಗ ನೋವೂ ಇಲ್ಲ. ಕಷ್ಟ ಆಮೇಲಿನದು. ಆರೇಳು ವಾರ ಓಡಾಟ, ಬಾಯಿ ಒಣಗುತ್ತದೆ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಮಾತು ಗುರುತು ಹಾಕಿಕೊಳ್ಳಿ: ಹಾಳಾದ ಹಲ್ಲಿದ್ದರೆ ಕರೆಂಟ್ ಶುರುವಾಗುವ ಮೊದಲೇ ಕೀಳಿಸಬೇಕು. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ.

ಈಗ ಅಡಿಕೆ. ಇದನ್ನು ಬರೆಯಲು ನನಗೆ ಕಷ್ಟ. ನಮ್ಮ ಚಂದಾದಾರರಲ್ಲಿ ಬಹುಪಾಲು ತೋಟದವರು, ನಾನು ಓದಿದ್ದೂ ಅಡಿಕೆ ದುಡ್ಡಿನಲ್ಲೇ. 'ಹೊಗೆಸೊಪ್ಪಿಲ್ಲದ ಕವಳ ಏನೂ ಮಾಡದು' ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಹೊಗೆಸೊಪ್ಪು ಸೇರಿದರೆ ಅಪಾಯ ಹೆಚ್ಚು, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು, ಹೊಗೆಸೊಪ್ಪಿಲ್ಲದ ಕವಳವನ್ನೂ. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಮೊದಲು ಖಾರ ತಿಂದರೆ ಉರಿ, ಮುಂದೆ ಕೆನ್ನೆ ಬಿಳಿಚಿ ಹುರಿಹುರಿಯಾಗುತ್ತದೆ, ಕೊನೆಗೆ ಬಾಯಿ ಬಿಡಲಾಗುವುದಿಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಲ್ಲಿ ತೂರುತ್ತವೆಯೇ ನೋಡಿ. ತೂರದಿದ್ದರೆ ಹುಣ್ಣು ಇರಲಿ ಬಿಡಲಿ, ಡಾಕ್ಟರಿಗೆ ತೋರಿಸಿ. ಈ ಪರೀಕ್ಷೆಯನ್ನು ಗುಟ್ಕಾ ಜಗಿಯುವ ಹುಡುಗರಿಗೂ ಮಾಡಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿ ಮಾರುವ ಜಾಣತನ ಮಾತ್ರ ನಿಂತಿಲ್ಲ.

ಹಲ್ಲು ಗಟ್ಟಿಯಾಗುತ್ತದೆ ಎಂಬ ಬರಹ ನಮ್ಮಲ್ಲಿ ಬಂದದ್ದು ಹೌದು. ಕಡತ ತೆಗೆದು ನೋಡಿದೆ. ಒಬ್ಬ ಡಾಕ್ಟರಿಗೂ ತೋರಿಸದೆ ಅಚ್ಚಿಗೆ ಕಳಿಸಿದವನು ನಾನೇ. ತಿದ್ದುಪಡಿ ಈ ಸಂಚಿಕೆಯ ಎರಡನೇ ಪುಟದಲ್ಲಿದೆ.

ತಡವಾಯಿತೇನೋ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅದನ್ನು ಹೇಳಬೇಕಾದವರು ಡಾಕ್ಟರು. ನನಗೆ ಗೊತ್ತಿರುವುದು ಬೇರೆ. ತಿರುವನಂತಪುರ ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ಯಂತ್ರವಿಲ್ಲ, ಬರೀ ಕಣ್ಣು. ತಂಬಾಕು, ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಇಳಿದಿತ್ತು ಎಂದು 2005ರಲ್ಲಿ ಪ್ರಕಟವಾಯಿತು. ನಿಮ್ಮ ಹಲ್ಲಿನ ಡಾಕ್ಟರು ಮಾಡಿದ್ದೂ ಅದೇ ಕೆಲಸ.

ಖರ್ಚಿನ ಚಿಂತೆಗೆ: ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ರೆಫರಲ್ ಪತ್ರ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಒಬ್ಬರಲ್ಲ, ಇಬ್ಬರು ಹೋಗಿ. ಒಬ್ಬರು ಸಾಲಿನಲ್ಲಿ ನಿಲ್ಲಲು, ಒಬ್ಬರು ಮಾವಯ್ಯನ ಹತ್ತಿರ ಕೂರಲು. ಆ ಇನ್ನೊಬ್ಬರು ಭಾವನವರೇ ಆದರೆ ಒಳ್ಳೆಯದು.

ಹರಿವಾಣ ಎತ್ತಿಡಿ, ಇವತ್ತೇ. ಜಗಲಿಗೆ ಬಂದವರಿಗೆ ಬೆಲ್ಲ ನೀರು ಕೊಟ್ಟರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ.

- ಸಂ.