ಮಗ್ಗುಲು ಬದಲಿಸಿದರೆ ಛಳಕ್ ಅನ್ನುವ ನೋವು

ಪ್ರಶ್ನೆ: ಡಾಕ್ಟರ್, ನನಗೆ ಈಗ 19 ವಾರ. ಮೊದಲನೇ ಬಸಿರು. ಇತ್ತೀಚೆಗೆ ಕಿಬ್ಬೊಟ್ಟೆಯ ಬಲಗಡೆ ಆಗಾಗ ಛಳಕ್ ಅಂತ ನೋವು ಬರುತ್ತದೆ. ರಾತ್ರಿ ಮಗ್ಗುಲು ಬದಲಿಸುವಾಗ, ಕುರ್ಚಿಯಿಂದ ಏಳುವಾಗ ಬರುತ್ತದೆ. ಸೀನಿದರಂತೂ ತೊಡೆಸಂದಿಯವರೆಗೂ ಎಳೆದು ಉಸಿರೇ ನಿಂತ ಹಾಗಾಗುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಹೋಗಿಬಿಡುತ್ತದೆ. ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿ ಇದೆ ಅಂದಿದ್ದಾರೆ. ತಪಾಸಣೆಗೆ ಹೋದಾಗ ಈ ನೋವಿನ ವಿಷಯ ಹೇಳಿದೆ. ‘ಬಸಿರು ಅಂದಮೇಲೆ ಇದೆಲ್ಲ ಇದ್ದದ್ದೇ’ ಅಂತ ಕಳಿಸಿದರು. ಅತ್ತೆಯವರು ಓಡಾಡಬೇಡ, ಮಲಗೇ ಇರು ಅನ್ನುತ್ತಾರೆ. ಮಗುವಿಗೆ ಏನಾದರೂ ಆಗುತ್ತಿದೆಯಾ? ನಾನು ಪೂರ್ತಿ ಮಲಗಿರಬೇಕಾ?

ಉತ್ತರ: ನೀವು ಬರೆದಿರುವುದಷ್ಟೇ ಇದ್ದರೆ ಮಗುವಿಗೆ ಏನೂ ಆಗುತ್ತಿಲ್ಲಮ್ಮ. ಮಲಗಿಯೇ ಇರುವ ಅಗತ್ಯವೂ ಇಲ್ಲ. ‘ಇದ್ದದ್ದೇ’ ಅನ್ನುವ ಮಾತು ಸುಳ್ಳಲ್ಲ. ಆದರೆ ಅಷ್ಟೇ ಹೇಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ನೋವು ಯಾವುದು, ಯಾಕೆ ಬರುತ್ತದೆ ಅಂತ ಗೊತ್ತಾದರೇ ಅರ್ಧ ಹೆದರಿಕೆ ಹೋಗುತ್ತದೆ.

ಗರ್ಭಕೋಶದ ಎರಡೂ ಬದಿಯಿಂದ ಒಂದೊಂದು ಹುರಿಯಂಥ ಕಟ್ಟು ಹೊರಟು, ತೊಡೆಸಂದಿಯ ಮೂಲಕ ಕೆಳಗಿಳಿದು, ಯೋನಿಯ ಹೊರತುಟಿಯ ಹತ್ತಿರ ಸೇರುತ್ತದೆ. ಇದಕ್ಕೆ ರೌಂಡ್ ಲಿಗಮೆಂಟ್ ಅನ್ನುತ್ತಾರೆ. ಬಸಿರಿಲ್ಲದಾಗ ಇದರ ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಗರ್ಭಕೋಶದ ತೂಕ ಆಗ 60–70 ಗ್ರಾಂ ಇರುತ್ತದೆ. ದಿನ ತುಂಬುವ ಹೊತ್ತಿಗೆ ಮಗು, ನೀರು ಎಲ್ಲ ಬಿಟ್ಟು ಗರ್ಭಕೋಶವೊಂದೇ ಒಂದು ಕಿಲೋ ಆಸುಪಾಸು ತೂಗುತ್ತದೆ. ಸುಮಾರು 12 ವಾರಕ್ಕೆ ಅದು ಸೊಂಟದ ಗೂಡಿನಿಂದ ಮೇಲೆ ಬರುತ್ತದೆ, 20 ವಾರಕ್ಕೆ ಹೊಕ್ಕಳ ಮಟ್ಟ ಮುಟ್ಟುತ್ತದೆ. ಅದರ ಜೊತೆಗೆ ಈ ಎರಡು ಕಟ್ಟುಗಳೂ ಹಿಗ್ಗಬೇಕು, ದಪ್ಪವಾಗಬೇಕು. ಹಾಗಾಗಿಯೇ ನಿಮ್ಮ ನೋವು ಈಗ, ನಾಲ್ಕು–ಐದನೇ ತಿಂಗಳಲ್ಲಿ ಶುರುವಾಗಿದೆ. ಅವಳಿ ಇದ್ದವರಿಗೆ ಇದು ಇನ್ನಷ್ಟು ಜಾಸ್ತಿ ಇರಬಹುದು.

ಈ ಕಟ್ಟಿನೊಳಗೆ ಸ್ನಾಯುವಿನ ಎಳೆಗಳೂ ಇವೆ. ಈಗಾಗಲೇ ಬಿಗಿಯಾಗಿ ಎಳೆದು ಕಟ್ಟಿದ ಹಗ್ಗವನ್ನು ಯಾರೋ ಫಕ್ಕನೆ ಜಗ್ಗಿದರೆ ಹೇಗೋ ಹಾಗೆ, ನೀವು ಗಡಿಬಿಡಿಯಲ್ಲಿ ಹೊರಳಿದಾಗ ಅದು ಸೆಟೆದುಕೊಳ್ಳುತ್ತದೆ. ಅದೇ ಆ ಛಳಕು. ಬಲಗಡೆಗೇ ಯಾಕೆ ಅಂದರೆ, ದೊಡ್ಡ ಕರುಳಿನ ಕೊನೆಯ ಭಾಗ ಎಡಗಡೆ ಇರುವುದರಿಂದ ಬೆಳೆಯುವ ಗರ್ಭಕೋಶ ಸಾಮಾನ್ಯವಾಗಿ ಸ್ವಲ್ಪ ಬಲಕ್ಕೆ ತಿರುಗಿರುತ್ತದೆ. ಎಡಗಡೆಯೂ ಬರಬಹುದು, ಎರಡೂ ಕಡೆ ಬರಬಹುದು. ಮಗು ಇರುವುದು ಗರ್ಭಕೋಶದ ಒಳಗೆ, ಈ ಕಟ್ಟು ಇರುವುದು ಹೊರಗೆ. ಎಳೆತ ನಿಮಗೆ ಗೊತ್ತಾಗುತ್ತದೆ, ಮಗುವಿಗೆ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ನೋವು ತರುವುದು ಓಡಾಟ ಅಲ್ಲ, ಓಡಾಟದ ಅವಸರ. ನಿಮ್ಮತ್ತೆಯವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ದಿನವಿಡೀ ಮಲಗಿದರೆ ಬೆನ್ನು, ಸೊಂಟ ಎಲ್ಲ ಬಿಗಿದು, ಏಳುವಾಗ ಇನ್ನೂ ಜಾಸ್ತಿ ಹಿಡಿಯುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ. ನಡೆಯಿರಿ, ಮನೆಕೆಲಸ ಮಾಡಿ, ಎಲ್ಲವನ್ನೂ ನಿಧಾನವಾಗಿ ಮಾಡಿ.

ನಾನು ಪರೀಕ್ಷೆ ಮಾಡಿದ ಮೇಲೆ ಬಸುರಿಯರು ಮಂಚದಿಂದ ಹೇಗೆ ಏಳುತ್ತಾರೆ ಅಂತ ನೋಡುತ್ತಿರುತ್ತೇನೆ. ಹೆಚ್ಚಿನವರು ಅಂಗಾತ ಮಲಗಿದ್ದವರು ನೇರವಾಗಿ ಎದ್ದು ಕೂರಲು ಹೋಗುತ್ತಾರೆ. ಹೊಟ್ಟೆಯ ಮೇಲೆ ಪೂರ್ತಿ ಭಾರ ಬಿದ್ದು ‘ಅಮ್ಮಾ’ ಅನ್ನುತ್ತಾರೆ. ಅಲ್ಲೇ ತಡೆದು ಮತ್ತೆ ಮಲಗಿಸಿ ಹೇಳಿಕೊಡುತ್ತೇನೆ. ನೀವೂ ಹೀಗೇ ಮಾಡಿ. ಮೊದಲು ಎರಡೂ ಮೊಣಕಾಲು ಮಡಚಿ. ಮಂಡಿಗಳನ್ನು ಒಂದಕ್ಕೊಂದು ಅಂಟಿಸಿಕೊಂಡು, ಭುಜ ಸೊಂಟ ಒಟ್ಟಿಗೇ ತಿರುಗುವ ಹಾಗೆ ಪಕ್ಕಕ್ಕೆ ಹೊರಳಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಾ ಕೈ ಊರಿ ಮೇಲೇಳಿ. ಒಂದೆರಡು ಉಸಿರು ಹಾಗೇ ಕೂತು, ಆಮೇಲೆ ನಿಲ್ಲಿ. ರಾತ್ರಿ ಮಗ್ಗುಲು ಬದಲಿಸುವುದಕ್ಕೂ ಇದೇ ರೀತಿ: ಮೊದಲು ಮಂಡಿ ಮಡಚುವುದು, ಆಮೇಲೆ ಹೊರಳುವುದು. ನಿದ್ದೆಗಣ್ಣಲ್ಲಿ ಮೊದಮೊದಲು ಮರೆತುಹೋಗುತ್ತದೆ, ಬರಬರುತ್ತಾ ಅಭ್ಯಾಸವಾಗುತ್ತದೆ.

ಸೀನು ಬರುವ ಸೂಚನೆ ಸಿಕ್ಕ ತಕ್ಷಣ ಸೊಂಟದಲ್ಲಿ ಮುಂದಕ್ಕೆ ಬಾಗಿ, ಒಂದು ಕೈಯನ್ನು ಹೊಟ್ಟೆಯ ಕೆಳಗೆ ಆನಿಸಿ. ಮಲಗಿದ್ದರೆ ಮಂಡಿಗಳನ್ನು ಹೊಟ್ಟೆಯ ಕಡೆ ಎಳೆದುಕೊಳ್ಳಿ. ಬಾಗಿದಾಗ ಆ ಕಟ್ಟಿನ ಎರಡು ತುದಿಗಳು ಹತ್ತಿರ ಬರುತ್ತವೆ, ಜಗ್ಗುವುದಕ್ಕೆ ಜಾಗ ಇರುವುದಿಲ್ಲ. ಕೆಮ್ಮು, ನಗು ಎಲ್ಲಕ್ಕೂ ಇದೇ ಉಪಾಯ. (ಕೆಮ್ಮು ನಿಲ್ಲದೇ ಇದ್ದರೆ ಸುಮ್ನೆ ಸಹಿಸಿಕೊಳ್ಳಬೇಡಿ. ಅದಕ್ಕೆ ಔಷಧಿ ಕೇಳಿ.)

ಮಲಗುವಾಗ ಪಕ್ಕಕ್ಕೆ ತಿರುಗಿ, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ತೆಳ್ಳನೆಯ ಇನ್ನೊಂದು ದಿಂಬು ಇಟ್ಟುಕೊಳ್ಳಿ. ಹೊಟ್ಟೆ ತೂಗಾಡುವುದು ತಪ್ಪಿದರೆ ಎಳೆತ ಕಡಿಮೆಯಾಗುತ್ತದೆ. ನೋವಿರುವ ಕಡೆ ಬೆಚ್ಚಗಿನ ಬಟ್ಟೆಯಿಂದ ಸ್ವಲ್ಪ ಹೊತ್ತು ಶಾಖ ಕೊಡಬಹುದು. ಕೈಗೆ ಹಿತವೆನಿಸುವಷ್ಟು ಬೆಚ್ಚಗಿದ್ದರೆ ಸಾಕು. ತುಂಬಾ ಹೊತ್ತು ನಿಂತು ಮಾಡುವ ಕೆಲಸವಿದ್ದರೆ ಹೊಟ್ಟೆಗೆ ಆಸರೆ ಕೊಡುವ ಬೆಲ್ಟ್ ಕೆಲವರಿಗೆ ಸಹಾಯವಾಗುತ್ತದೆ. ಅದು ಹೊಟ್ಟೆಯ ಕೆಳಭಾಗವನ್ನು ಎತ್ತಿಹಿಡಿಯಬೇಕು, ಬಿಗಿಯಬಾರದು. ಮಲಗುವಾಗ ತೆಗೆದಿಡಿ.

ಇನ್ನು ಮುಖ್ಯವಾದದ್ದು. ಹೊಟ್ಟೆನೋವು ಅಂತ ಯಾರೇ ಬಂದರೂ ನಾನು ‘ಎಲ್ಲಿ ಅಂತ ಒಂದೇ ಬೆರಳಲ್ಲಿ ತೋರಿಸಿ’ ಅನ್ನುತ್ತೇನೆ. ಈ ನೋವಾದರೆ ಬೆರಳು ಹೊಟ್ಟೆಯ ಪಕ್ಕದಿಂದ ತೊಡೆಸಂದಿಗೆ ಒಂದು ಗೆರೆ ಎಳೆಯುತ್ತದೆ. ಕೈಯನ್ನು ಇಡೀ ಹೊಟ್ಟೆಯ ಮೇಲೆ ಆಡಿಸಿ ‘ಎಲ್ಲಾ ಗಟ್ಟಿಯಾಗುತ್ತದೆ, ಬಿಡುತ್ತದೆ, ಮತ್ತೆ ಗಟ್ಟಿಯಾಗುತ್ತದೆ’ ಅಂದರೆ ನನ್ನ ಯೋಚನೆ ಬೇರೆ ಕಡೆ ಹೋಗುತ್ತದೆ. 37 ವಾರಕ್ಕೆ ಮುಂಚೆ ಹಾಗೆ ಲಯವಾಗಿ, ಮತ್ತೆ ಮತ್ತೆ ಬಂದರೆ ಅದು ಅವಧಿಗೆ ಮುಂಚಿನ ಹೆರಿಗೆ ನೋವಾಗಿರಬಹುದು. ಅದೇ ರೀತಿ, ಕೂತರೂ ಮಲಗಿದರೂ ಕಡಿಮೆಯಾಗದೆ ಹೆಚ್ಚುತ್ತಲೇ ಹೋಗುವ ಬಲಗಡೆಯ ನೋವಿಗೆ ವಾಂತಿ, ಜ್ವರ ಸೇರಿಕೊಂಡರೆ ಅಪೆಂಡಿಕ್ಸ್ ನೋಡಲೇಬೇಕು. ಬಸಿರಿನಲ್ಲಿ ಅಪೆಂಡಿಕ್ಸ್ ತನ್ನ ಜಾಗದಿಂದ ಸ್ವಲ್ಪ ಮೇಲೆ ಸರಿಯಬಹುದು, ಅದಕ್ಕೇ ಕೆಲವೊಮ್ಮೆ ಗುರುತು ಸಿಗುವುದು ತಡವಾಗುತ್ತದೆ. ಅಂಡಾಶಯ ತಿರುಚಿಕೊಂಡರೂ ಒಂದು ಪಕ್ಕ ತಡೆಯಲಾಗದ ನೋವು ಬರುತ್ತದೆ. ಮೂತ್ರ ಮಾಡುವಾಗ ಉರಿ, ಚಳಿಜ್ವರ ಇದ್ದರೆ ಸೋಂಕಿರಬಹುದು. ರಕ್ತ ಕಂಡರೆ, ನೀರು ಹೋದರೆ, ಮಗುವಿನ ಅಲುಗಾಟ ಚೆನ್ನಾಗಿ ಗೊತ್ತಾಗಲು ಶುರುವಾದ ಮೇಲೆ ಅದು ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗ ಯಾರಾದರೂ ‘ಇದ್ದದ್ದೇ’ ಅಂದರೂ ಪರೀಕ್ಷೆ ಮಾಡಿ ಅಂತ ಪಟ್ಟು ಹಿಡಿದು ಕೇಳಿ. ಅದು ನಿಮ್ಮ ಹಕ್ಕು.

ಪ್ರಶ್ನೆ: ಮೇಡಂ, ನನ್ನ ಹೆಂಡತಿಗೆ 24 ವಾರ. ರೌಂಡ್ ಲಿಗಮೆಂಟ್ ನೋವು ಅಂತ ಡಾಕ್ಟರೇ ಹೇಳಿದ್ದಾರೆ. ಅವಳು ಒದ್ದಾಡುವುದನ್ನು ನೋಡಲಾಗುತ್ತಿಲ್ಲ. ಮನೆಯಲ್ಲಿ ಐಬುಪ್ರೊಫೆನ್ ಇದೆ, ಕೊಡಬಹುದಾ?

ಉತ್ತರ: ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ಮಾತ್ರೆಗಳು 20 ವಾರದ ನಂತರ ಮಗುವಿನ ಕಿಡ್ನಿಯ ಕೆಲಸ ಕುಗ್ಗಿಸಬಹುದು, ಗರ್ಭದ ನೀರು ಕಡಿಮೆಯಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಡೈಕ್ಲೊಫೆನಾಕ್ ಇರುವ ಮುಲಾಮನ್ನೂ ಕೇಳದೆ ಹಚ್ಚಬೇಡಿ. ಬೇಕೇ ಬೇಕೆಂದರೆ ಪ್ಯಾರಾಸಿಟಮಾಲ್ ಇದೆ, ಎಷ್ಟು ಅಂತ ನಿಮ್ಮ ಡಾಕ್ಟರನ್ನು ಕೇಳಿ ಕೊಡಿ. ಆದರೆ ಯೋಚಿಸಿ ನೋಡಿ: ನೋವು ಬಂದು ಹೋಗುವುದು ಕೆಲವೇ ಕ್ಷಣದಲ್ಲಿ, ಮಾತ್ರೆ ಕೆಲಸ ಶುರು ಮಾಡುವ ಹೊತ್ತಿಗೆ ಅದು ಇರುವುದೇ ಇಲ್ಲ. ದಿನದ ಕೊನೆಗೆ ಉಳಿಯುವ ಮಂದ ನೋವಿಗೆ ಮಾತ್ರ ಅದು ಉಪಯೋಗ. ನಿಮ್ಮ ಸಹಾಯ ಬೇರೆ ರೀತಿ ಬೇಕು. ನೆಲದಿಂದ ಎತ್ತುವ ಕೆಲಸ ನೀವು ಮಾಡಿ. ಬಾಗಿಲು ಬಡಿದರೆ, ಫೋನ್ ಹೊಡೆದುಕೊಂಡರೆ ನೀವು ಹೋಗಿ. ಅವರು ದಡಬಡ ಏಳುವ ಪ್ರಸಂಗ ಬರದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: 30 ವಾರದ ಬಸುರಿ ನಾನು. ನಿಂತಾಗ ಎಡಗಡೆ ತೊಡೆಸಂದಿಯಲ್ಲಿ ಗಂಟಿನ ಹಾಗೆ ಉಬ್ಬುತ್ತದೆ, ಮಲಗಿದರೆ ಇಳಿಯುತ್ತದೆ. ಹರ್ನಿಯಾ, ಆಪರೇಷನ್ ಆಗಬೇಕು ಅಂತ ಹೆದರಿಸುತ್ತಿದ್ದಾರೆ.

ಉತ್ತರ: ಹರ್ನಿಯಾ ಇರಲೂಬಹುದು. ಆದರೆ ಇದೇ ರೌಂಡ್ ಲಿಗಮೆಂಟ್ ಜೊತೆ ಸಾಗುವ ರಕ್ತನಾಳಗಳು ಬಸಿರಿನಲ್ಲಿ ಊದಿಕೊಂಡರೂ ಹೀಗೇ ಕಾಣುತ್ತದೆ. ಕಣ್ಣಿಗೆ ಎರಡೂ ಒಂದೇ ಥರ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ರಕ್ತನಾಳದ ಊತವಾದರೆ ಸಾಮಾನ್ಯವಾಗಿ ಹೆರಿಗೆಯ ನಂತರ ತಾನಾಗಿ ಇಳಿಯುತ್ತದೆ, ಕತ್ತರಿ ಹಾಕುವ ಅಗತ್ಯ ಇರುವುದಿಲ್ಲ. ಆಪರೇಷನ್ ಮಾತಿಗೆ ಮುಂಚೆ ಆ ಸ್ಕ್ಯಾನ್ ಮಾಡಿಸಿ. ಗಂಟು ಮಲಗಿದರೂ ಇಳಿಯದೆ, ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತಾ ವಾಂತಿ ಶುರುವಾದರೆ ಮಾತ್ರ ಸ್ಕ್ಯಾನ್ ತಾರೀಖಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.