ಫೈಲ್ ಎಲ್ಲಿಡಬೇಕು ಅನ್ನೋದು ಕಂಟ್ರೋಲರ್‌ಗೆ ಗೊತ್ತಿರಬಾರದು

ಪ್ರಶ್ನೆ: ನಮ್ಮ ವೆಬ್ ಅಪ್ಲಿಕೇಶನ್ ಪಿಎಚ್‌ಪಿಯ ಸ್ಲಿಮ್ ಫ್ರೇಮ್‌ವರ್ಕ್ ಮೇಲಿದೆ. ಜನ ಅಪ್‌ಲೋಡ್ ಮಾಡುವ ದಾಖಲೆ, ಫೋಟೋ ಎಲ್ಲ ಸರ್ವರ್‌ನ ಒಂದೇ ಫೋಲ್ಡರಿಗೆ ಹೋಗುತ್ತವೆ. ಈಗ ಎರಡನೇ ಸರ್ವರ್ ಸೇರಿಸಬೇಕಾಗಿದೆ. ಫೈಲುಗಳನ್ನು ಅಮೆಜಾನ್‌ನ ಆನ್‌ಲೈನ್ ಸ್ಟೋರೇಜ್ ಆದ ಎಸ್3ಗೆ ಸಾಗಿಸಿ ಅಂತ ಮೇಲಿನವರು ಹೇಳಿದ್ದಾರೆ. ಫ್ಲೈಸಿಸ್ಟಮ್ ಎಂಬ ಫೈಲ್ ಲೈಬ್ರರಿ ಹಾಕಿಕೊಂಡರೆ ಒಂದು ಸಾಲು ಬದಲಾಯಿಸಿದರೆ ಸಾಕು ಅಂತ ಗೆಳೆಯರೊಬ್ಬರು ಹೇಳುತ್ತಾರೆ. ನಿಜವೇ? ಅದನ್ನು ಫ್ರೇಮ್‌ವರ್ಕ್ ಒಳಗೆ ಎಲ್ಲಿ ಜೋಡಿಸಬೇಕು?

ಉತ್ತರ: ನಿಮ್ಮ ಗೆಳೆಯರು ಹೇಳಿದ ಆ ಒಂದು ಸಾಲು ನಿಜ. ಆದರೆ ಆ ಸಾಲಿನ ತನಕ ಬರುವ ದಾರಿ ಸ್ವಲ್ಪ ಉದ್ದ ಇದೆ.

ಲೈಬ್ರರಿ ಇನ್‌ಸ್ಟಾಲ್ ಮಾಡೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಕೋಡ್‌ನಲ್ಲಿ ಫೈಲ್ ಮುಟ್ಟುವ ಜಾಗಗಳನ್ನೆಲ್ಲ ಹುಡುಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೂವ್‌ಟು, ಫೈಲ್_ಪುಟ್_ಕಂಟೆಂಟ್ಸ್, ಅನ್‌ಲಿಂಕ್, ಫೈಲ್_ಎಕ್ಸಿಸ್ಟ್ಸ್, ಎಫ್‌ಓಪನ್ ಇವಿಷ್ಟು ಫೈಲ್ ಫಂಕ್ಷನ್‌ಗಳನ್ನು ಹುಡುಕಿದರೆ ಹೆಚ್ಚಿನವು ಸಿಗುತ್ತವೆ. ನಾನು ಈ ಕೆಲಸ ಮೊದಲ ಸಲ ಮಾಡಿದಾಗ ಏಳೆಂಟು ಜಾಗ ಇರಬಹುದು ಅಂದುಕೊಂಡಿದ್ದೆ. ಸಿಕ್ಕಿದ್ದು ಮೂವತ್ತೊಂದು. ಅದರಲ್ಲಿ ನಾಲ್ಕು ವರದಿ ತಯಾರಿಸುವ ರಾತ್ರಿ ಸ್ಕ್ರಿಪ್ಟ್‌ಗಳಲ್ಲಿದ್ದವು. ಅಂಥವನ್ನು ಬಿಟ್ಟರೆ ಎಸ್3ಗೆ ಹೋದ ಮೇಲೂ ಅವು ಹಳೆಯ ಫೋಲ್ಡರನ್ನೇ ತಡಕಾಡುತ್ತಿರುತ್ತವೆ.

ಈಗ ಜೋಡಿಸುವ ವಿಷಯ. ಫ್ಲೈಸಿಸ್ಟಮ್‌ನಲ್ಲಿ ಎರಡು ಪದರ ಇದೆ. ಕೆಳಗಡೆ ಅಡಾಪ್ಟರ್. ಅದಕ್ಕೆ ಲೋಕಲ್ ಡಿಸ್ಕ್, ಎಸ್3, ಎಸ್‌ಎಫ್‌ಟಿಪಿ ಇವುಗಳ ಭಾಷೆ ಗೊತ್ತು. ಮೇಲುಗಡೆ ಫೈಲ್‌ಸಿಸ್ಟಮ್ ಆಪರೇಟರ್ ಎಂಬ ಇಂಟರ್ಫೇಸ್. ನಿಮ್ಮ ಕೋಡ್ ಮಾತಾಡಬೇಕಾದ್ದು ಮೇಲಿನದರ ಜೊತೆ ಮಾತ್ರ. ಅಡಾಪ್ಟರ್ ಹೆಸರು ಕಂಟೇನರ್ (ಆಬ್ಜೆಕ್ಟ್‌ಗಳನ್ನು ಜೋಡಿಸಿ ಕೊಡುವ ಭಾಗ) ಕಟ್ಟುವ ಫೈಲಿನಲ್ಲಿ ಒಂದೇ ಒಂದು ಕಡೆ ಬರಲಿ. ಯಾವ ಅಡಾಪ್ಟರ್, ಯಾವ ಬಕೆಟ್ (ಎಸ್3ರಲ್ಲಿ ಫೈಲ್ ಇಡುವ ಡಬ್ಬ) ಅನ್ನೋದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರಲಿ. ಕಂಟ್ರೋಲರ್‌ಗೆ, ಅಂದರೆ ಬಳಕೆದಾರರ ಕೋರಿಕೆಗೆ ಉತ್ತರಿಸುವ ಕ್ಲಾಸಿಗೆ, ಕನ್‌ಸ್ಟ್ರಕ್ಟರ್ ಮೂಲಕ ಆಪರೇಟರ್ ಕೊಡಿ. ಯಾವುದಾದರೂ ಕಂಟ್ರೋಲರ್‌ನಲ್ಲಿ ಎಸ್3 ಅನ್ನೋ ಪದ ಕಾಣಿಸಿದರೆ ಅಲ್ಲೇ ನಿಲ್ಲಿಸಿ, ಸರಿಮಾಡಿ, ಆಮೇಲೆ ಮುಂದೆ ಹೋಗಿ.

ಸ್ಟೋರೇಜ್‌ಗೆ ಹೆಸರಿಡುವಾಗ ಜಾಗದ ಹೆಸರು ಬೇಡ, ಕೆಲಸದ ಹೆಸರಿಡಿ. 'ಎಸ್3 ಸ್ಟೋರೇಜ್' ಅಂತ ಬೇಡ, 'ದಾಖಲೆ ಸ್ಟೋರೇಜ್', 'ಫೋಟೋ ಸ್ಟೋರೇಜ್' ಅಂತ ಇರಲಿ. ಇವತ್ತು ಎರಡೂ ಒಂದೇ ಬಕೆಟ್‌ಗೆ ಹೋಗಲಿ, ಪರವಾಗಿಲ್ಲ. ನಾಳೆ ಫೋಟೋ ಬೇರೆ ಕಡೆ ಹೋದರೆ ಕಂಟೇನರ್‌ನಲ್ಲಿ ಮಾತ್ರ ಬದಲಾವಣೆ. ಸಿಂಫನಿ ಎಂಬ ಇನ್ನೊಂದು ಪಿಎಚ್‌ಪಿ ಫ್ರೇಮ್‌ವರ್ಕಿನ ಫ್ಲೈಸಿಸ್ಟಮ್ ಬಂಡಲ್ ಇದೇ ದಾರಿ ಹಿಡಿದಿದೆ. ಸೆಟ್ಟಿಂಗ್ ಫೈಲಿನಲ್ಲಿ ಸ್ಟೋರೇಜ್‌ಗೆ ಹೆಸರು ಕೊಟ್ಟರೆ, ಕನ್‌ಸ್ಟ್ರಕ್ಟರ್‌ನಲ್ಲಿ ಅದೇ ಹೆಸರಿನ ವೇರಿಯಬಲ್‌ಗೆ ಸರಿಯಾದದ್ದು ತಾನಾಗೇ ಬಂದು ಕೂರುತ್ತದೆ. ಸ್ಲಿಮ್‌ನಲ್ಲಿ ಅದನ್ನು ನೀವೇ ಬರೆಯಬೇಕು, ಹತ್ತು ಸಾಲಿನ ಕೆಲಸ.

ಅಪ್‌ಲೋಡ್ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಜಾಸ್ತಿ ತಪ್ಪಾಗುವುದು ಇಲ್ಲೇ. ಫೈಲನ್ನು ಪೂರ್ತಿ ಓದಿ ಫ್ಲೈಸಿಸ್ಟಮ್‌ನ ರೈಟ್‌ಗೆ ಕೊಡುವುದು ಸುಲಭ. ಆದರೆ ಆಗ ಇಡೀ ಫೈಲ್ ಮೆಮೊರಿಗೆ ಬರುತ್ತದೆ. ಪಿಎಚ್‌ಪಿಯ ಡೀಫಾಲ್ಟ್ ಮೆಮೊರಿ ಮಿತಿ 128 ಎಂಬಿ. 150 ಎಂಬಿಯ ವಿಡಿಯೋ ಬಂದ ದಿನ ಅಪ್ಲಿಕೇಶನ್ ಬೀಳುತ್ತದೆ. ಹಾಗಾಗಿ ಫೈಲನ್ನು ತುಂಡು ತುಂಡಾಗಿ ಸಾಗಿಸುವ ರೈಟ್‌ಸ್ಟ್ರೀಮ್ ಬಳಸಿ. ಸ್ಲಿಮ್ ಕೊಡುವ ಅಪ್‌ಲೋಡ್ ಆಬ್ಜೆಕ್ಟಿನಿಂದ ಗೆಟ್‌ಸ್ಟ್ರೀಮ್, ಅದರ ಮೇಲೆ ಡಿಟ್ಯಾಚ್ ಕರೆದರೆ ಮಾಮೂಲಿ ಪಿಎಚ್‌ಪಿ ಸ್ಟ್ರೀಮ್ ಕೈಗೆ ಸಿಗುತ್ತದೆ. ಅದನ್ನೇ ರೈಟ್‌ಸ್ಟ್ರೀಮ್‌ಗೆ ಕೊಡಿ. ಬರೆದಾದ ಮೇಲೆ ಎಫ್‌ಕ್ಲೋಸ್ ಮಾಡುವ ಮುಂಚೆ ಈಸ್_ರಿಸೋರ್ಸ್ ಅಂತ ಕೇಳಿ ನೋಡಿ. ಕೆಲವು ಸ್ಟೋರೇಜ್‌ಗಳ ಎಸ್‌ಡಿಕೆ (ಆ ಸ್ಟೋರೇಜ್ ಕಂಪನಿ ಕೊಡುವ ಲೈಬ್ರರಿ) ಓದಿ ಮುಗಿಸಿದ ಮೇಲೆ ಸ್ಟ್ರೀಮನ್ನು ತಾವೇ ಮುಚ್ಚಿಬಿಡುತ್ತವೆ. ಮುಚ್ಚಿದ್ದನ್ನು ಮತ್ತೆ ಮುಚ್ಚಲು ಹೋದರೆ ಎರರ್.

ಫೈಲ್ ಹೆಸರನ್ನು ಬಳಕೆದಾರರಿಂದ ತೆಗೆದುಕೊಳ್ಳಲೇಬೇಡಿ. ಎಷ್ಟು ಜನ ತಮ್ಮ ದಾಖಲೆಗೆ 'ಸ್ಕ್ಯಾನ್.ಪಿಡಿಎಫ್' ಅಂತ ಹೆಸರಿಟ್ಟಿರುತ್ತಾರೆ ಅಂತ ಡೇಟಾಬೇಸ್ ತೆಗೆದು ನೋಡಿ, ನಿಮಗೇ ಗಾಬರಿಯಾಗುತ್ತದೆ. ಫ್ಲೈಸಿಸ್ಟಮ್ 3ರಲ್ಲಿ ರೈಟ್ ಅಂದರೆ ಇದ್ದದ್ದರ ಮೇಲೆ ಬರೆಯುವುದೇ. ಎಚ್ಚರಿಕೆ ಏನೂ ಬರುವುದಿಲ್ಲ. ಅಡಾಪ್ಟರ್‌ಗೆ ಕೊಡುವ ಹೆಸರು ನೀವೇ ಹುಟ್ಟಿಸಿದ ರ್‍ಯಾಂಡಮ್ ಐಡಿ ಆಗಿರಲಿ. ಮೂಲ ಹೆಸರು ಡೇಟಾಬೇಸಿನ ಒಂದು ಕಾಲಂನಲ್ಲಿರಲಿ, ಡೌನ್‌ಲೋಡ್ ಸಮಯದಲ್ಲಿ ಅದನ್ನೇ ತೋರಿಸಿ. ಫೈಲಿನ ಗಾತ್ರ, ಬಗೆ ಇವನ್ನೂ ಅಲ್ಲೇ ಬರೆದಿಡಿ. ಲೋಕಲ್ ಡಿಸ್ಕ್‌ನಲ್ಲಿ ಗಾತ್ರ ಕೇಳಿದರೆ ಕ್ಷಣದ ಕೆಲಸ. ಎಸ್3ರಲ್ಲಿ ಪ್ರತಿಯೊಂದು ಕೇಳಿಕೆಯೂ ನೆಟ್‌ವರ್ಕ್ ದಾಟಿ ಹೋಗಿ ಬರಬೇಕು. ಇನ್ನೂರು ಫೈಲು ಪಟ್ಟಿ ಮಾಡುವ ಪುಟದಲ್ಲಿ ಇನ್ನೂರು ಸಲ ಹೋಗಿ ಬಂದರೆ ಪುಟ ತೆರೆಯುವ ಹೊತ್ತಿಗೆ ಓದುವವರ ತಾಳ್ಮೆ ಮುಗಿದಿರುತ್ತದೆ.

ಲೈಬ್ರರಿಯ ಬಗ್ಗೆ ನನಗೆ ಮುಖ್ಯ ಅನ್ನಿಸುವುದು ಇದೇ. ಕರೆಯುವ ರೀತಿಯನ್ನು ಅದು ಒಂದೇ ಥರ ಮಾಡುತ್ತದೆ, ಸ್ಟೋರೇಜ್‌ಗಳನ್ನು ಒಂದೇ ಥರ ಮಾಡುವುದಿಲ್ಲ. ಎಸ್3ರಲ್ಲಿ ಫೋಲ್ಡರ್ ಅನ್ನೋದೇ ಇಲ್ಲ, ಓರೆಗೆರೆ ಇರುವ ಉದ್ದದ ಹೆಸರುಗಳಿವೆ ಅಷ್ಟೇ. ಹಾಗಾಗಿ ಅಲ್ಲಿ ಹೆಸರು ಬದಲಿಸುವುದೆಂದರೆ ಒಳಗಡೆ ಪೂರ್ತಿ ನಕಲು ಮಾಡಿ ಹಳೆಯದನ್ನು ಅಳಿಸುವುದು. ಮೊದಲು 'ತಾತ್ಕಾಲಿಕ' ಫೋಲ್ಡರಿಗೆ ಹಾಕಿ, ಆಮೇಲೆ ಸರಿಯಾದ ಜಾಗಕ್ಕೆ ಮೂವ್ ಮಾಡುವ ಅಭ್ಯಾಸ ನಿಮ್ಮ ಕೋಡ್‌ನಲ್ಲಿದ್ದರೆ ಅದನ್ನು ಬಿಡಿ. ನೇರವಾಗಿ ಕೊನೆಯ ಜಾಗಕ್ಕೇ ಬರೆಯಿರಿ. ಇನ್ನು ಫೋಟೋ ಚಿಕ್ಕದು ಮಾಡುವ ಲೈಬ್ರರಿಗಳು ಹೆಚ್ಚಾಗಿ ಡಿಸ್ಕ್‌ನ ನಿಜವಾದ ಪಾತ್ ಕೇಳುತ್ತವೆ. ಎಸ್3ರಲ್ಲಿ ಅಂಥ ಪಾತ್ ಇಲ್ಲ. ಸ್ಟ್ರೀಮ್‌ನಲ್ಲಿ ಇಳಿಸಿಕೊಂಡು, ಟೆಂಪ್ ಫೈಲಿನಲ್ಲಿ ಕೆಲಸ ಮುಗಿಸಿ, ಮತ್ತೆ ಮೇಲೆ ಕಳಿಸಬೇಕು. ಆ ಟೆಂಪ್ ಫೈಲನ್ನು ಅಳಿಸುವ ಸಾಲನ್ನು ಫೈನಲಿ ಬ್ಲಾಕ್ (ಎರರ್ ಬಂದರೂ ತಪ್ಪದೆ ನಡೆಯುವ ಭಾಗ) ಒಳಗೇ ಬರೆಯಿರಿ.

ಡೇಟಾಬೇಸಿನಲ್ಲಿ ಪೂರ್ತಿ ಯುಆರ್‌ಎಲ್ ಇದ್ದರೆ ಈಗಲೇ ತೆಗೆದು, ಚಿಕ್ಕ ಪಾತ್ ಮಾತ್ರ ಉಳಿಸಿ. ಖಾಸಗಿ ದಾಖಲೆಗೆ ತಾತ್ಕಾಲಿಕ ಯುಆರ್‌ಎಲ್ ಕೊಡಬೇಕಾಗುತ್ತದೆ. ಎಸ್3ರಲ್ಲಿ ಅದರ ಆಯಸ್ಸು ಹೆಚ್ಚೆಂದರೆ 7 ದಿನ. ಅದನ್ನು ಇಮೇಲ್‌ನಲ್ಲಿ ಹಾಕಿ ಕಳಿಸಬೇಡಿ. ನಿಮ್ಮದೇ ಅಪ್ಲಿಕೇಶನ್‌ನ ಲಿಂಕ್ ಕಳಿಸಿ. ಕ್ಲಿಕ್ ಮಾಡಿದಾಗ ಅನುಮತಿ ನೋಡಿ, ಆಗಲೇ ಐದು ನಿಮಿಷದ ಯುಆರ್‌ಎಲ್ ಹುಟ್ಟಿಸಿ ಕೊಡಿ.

ಪ್ರಶ್ನೆ: ನಮ್ಮದು ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್. ಅದರ 8ನೇ ಆವೃತ್ತಿಯಿಂದ 9ಕ್ಕೆ ಬಂದೆವು. ಯಾವ ಎರರೂ ಇಲ್ಲ, ಟೆಸ್ಟ್ ಎಲ್ಲ ಪಾಸ್. ಆದರೆ ಕೆಲವರಿಗೆ ಖಾಲಿ ಫೈಲ್ ಡೌನ್‌ಲೋಡ್ ಆಗುತ್ತಿದೆ. ಲಾಗ್‌ನಲ್ಲಿ ಏನೂ ಇಲ್ಲ. ಎಲ್ಲಿ ನೋಡಲಿ?

ಉತ್ತರ: ಕಾನ್ಫಿಗ್ ಫೋಲ್ಡರಿನ ಫೈಲ್‌ಸಿಸ್ಟಮ್ಸ್ ಫೈಲ್ ತೆರೆಯಿರಿ. ಪ್ರತಿ ಡಿಸ್ಕ್‌ಗೂ, ಕೆಲಸ ಕೆಟ್ಟರೆ ಎಕ್ಸೆಪ್ಶನ್ (ಎರರ್) ಎಸೆ ಅಂತ ಹೇಳುವ 'ಥ್ರೋ' ಅನ್ನೋ ಸೆಟ್ಟಿಂಗ್ ಇದೆಯಾ, ಅದು 'ಟ್ರೂ' ಆಗಿದೆಯಾ ನೋಡಿ. ಇಲ್ಲದಿದ್ದರೆ ನಿಮ್ಮ ಉತ್ತರ ಅಲ್ಲೇ ಇದೆ.

ಲಾರಾವೆಲ್ 2015ರಲ್ಲಿ 5ನೇ ಆವೃತ್ತಿಯಿಂದಲೇ ಫ್ಲೈಸಿಸ್ಟಮ್ ಮೇಲೆ ಕೂತಿದೆ. 2022ರ ಫೆಬ್ರವರಿಯಲ್ಲಿ ಬಂದ 9ನೇ ಆವೃತ್ತಿ ಫ್ಲೈಸಿಸ್ಟಮ್ 1ರಿಂದ ನೇರ 3ಕ್ಕೆ ಹಾರಿತು. ಆಗ ಕೆಲವು ನಡವಳಿಕೆ ಬದಲಾದವು. ಮುಂಚೆ ಇಲ್ಲದ ಫೈಲನ್ನು ಗೆಟ್ ಮಾಡಿದರೆ ಎಕ್ಸೆಪ್ಶನ್ ಬರುತ್ತಿತ್ತು. ಈಗ ನಲ್ (ಏನೂ ಇಲ್ಲ ಅನ್ನೋ ಉತ್ತರ) ಬರುತ್ತದೆ. ನಿಮ್ಮ ಕೋಡ್ ಆ ನಲ್ ತೆಗೆದುಕೊಂಡು ಬ್ರೌಸರಿಗೆ ಕಳಿಸುತ್ತಿದೆ, ಅದೇ ಖಾಲಿ ಫೈಲು. ಹಳೆಯ ಎಕ್ಸೆಪ್ಶನ್ ಹಿಡಿಯುವ ಕ್ಯಾಚ್ ಬ್ಲಾಕ್ ಇನ್ನೂ ಇರಬಹುದು, ಆದರೆ ಅಲ್ಲಿಗೆ ಯಾರೂ ಬರುವುದಿಲ್ಲ. ಇಲ್ಲದ ಫೈಲನ್ನು ಅಳಿಸಿದರೂ ಈಗ ಟ್ರೂ ಬರುತ್ತದೆ. ಬರೆಯಲು ಆಗದಿದ್ದರೆ ಪುಟ್ ಸುಮ್ನೆ ಫಾಲ್ಸ್ ಕೊಡುತ್ತದೆ.

ಆ ಫಾಲ್ಸ್ ನನಗೆ ದುಬಾರಿಯಾಗಿತ್ತು. ನಾನಿದ್ದ ಒಂದು ತಂಡದಲ್ಲಿ ಅರ್ಜಿದಾರರ ದಾಖಲೆ ಉಳಿಸುವ ಕೆಲಸ ಇತ್ತು. ಒಂದು ಶುಕ್ರವಾರ ಸಂಜೆ ಡಿಸ್ಕ್ ತುಂಬಿತು. ಪುಟ್ ಫಾಲ್ಸ್ ಕೊಟ್ಟಿತು, ನಾನು ಬರೆದ ಕೋಡ್ ಅದನ್ನು ನೋಡಲೇ ಇಲ್ಲ. ಮುಂದಿನ ಸಾಲಿಗೆ ಹೋಗಿ ಡೇಟಾಬೇಸಿನಲ್ಲಿ 'ದಾಖಲೆ ಸ್ವೀಕರಿಸಿದೆ' ಅಂತ ಬರೆದು, ಹಸಿರು ಬಣ್ಣದಲ್ಲಿ ಧನ್ಯವಾದ ತೋರಿಸಿತು. ಸೋಮವಾರ ಬೆಳಿಗ್ಗೆ ನೋಡಿದರೆ ನಲವತ್ತಕ್ಕೂ ಹೆಚ್ಚು ಜನರ ಸಾಲು ಇದೆ, ಫೈಲ್ ಇಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಮತ್ತೆ ಕಳಿಸಿ ಅಂತ ಕೇಳಿಕೊಂಡೆ. ಒಬ್ಬರು ಮೂಲ ಪ್ರತಿಯನ್ನು ಬೇರೆ ಊರಿನಲ್ಲಿ ಬಿಟ್ಟು ಬಂದಿದ್ದರು. ಅವರ ದನಿ ಇನ್ನೂ ಕಿವಿಯಲ್ಲಿದೆ. ಅವತ್ತಿನಿಂದ ನಾನು ಮುಟ್ಟುವ ಪ್ರತಿ ಪ್ರಾಜೆಕ್ಟಿನಲ್ಲೂ ಮೊದಲು 'ಥ್ರೋ' ಟ್ರೂ ಮಾಡುತ್ತೇನೆ.

ನೀವೂ ಮಾಡಿ. ಮಾಡಿದ ಮೇಲೆ ಒಂದೆರಡು ದಿನ ಲಾಗ್‌ನಲ್ಲಿ ಎಕ್ಸೆಪ್ಶನ್ ಸುರಿಯಬಹುದು. ಹೆದರಬೇಡಿ, ಅವೆಲ್ಲ ಮುಂಚೆಯೂ ಇದ್ದವು, ಈಗ ಕಾಣುತ್ತಿವೆ ಅಷ್ಟೇ. ಜೊತೆಗೆ ಬರೆಯುವ ಕ್ರಮವನ್ನೂ ನೋಡಿಕೊಳ್ಳಿ: ಮೊದಲು ಫೈಲ್, ಆಮೇಲೆ ಡೇಟಾಬೇಸ್ ಸಾಲು. ಡೇಟಾಬೇಸ್ ಕೈಕೊಟ್ಟರೆ ಯಾರಿಗೂ ಬೇಡದ ಒಂದು ಫೈಲ್ ಉಳಿಯುತ್ತದೆ, ಅದನ್ನು ರಾತ್ರಿ ಗುಡಿಸಬಹುದು. ಇಲ್ಲದ ಫೈಲನ್ನು ಮಾತ್ರ ಯಾವ ರಾತ್ರಿಯೂ ಹುಟ್ಟಿಸಲಾಗುವುದಿಲ್ಲ.

ನಿಮ್ಮ ಟೆಸ್ಟ್ ಏಕೆ ಪಾಸಾಯಿತು ಅಂತಲೂ ಹೇಳಿಬಿಡುತ್ತೇನೆ. ಸ್ಟೋರೇಜ್ ಫೇಕ್ ಬಳಸಿರುತ್ತೀರಿ ಅನ್ನಿಸುತ್ತದೆ. ಅದು ಒಳಗಡೆ ಲೋಕಲ್ ಡಿಸ್ಕ್‌ನ ಒಂದು ಟೆಸ್ಟ್ ಫೋಲ್ಡರ್. ಅಲ್ಲಿ ಜಾಗ ತುಂಬುವುದಿಲ್ಲ, ನೆಟ್‌ವರ್ಕ್ ಕಡಿಯುವುದಿಲ್ಲ. ಫೈಲ್ ಇಲ್ಲದಾಗ ಏನಾಗಬೇಕು ಅನ್ನೋದಕ್ಕೇ ಬೇರೆ ಟೆಸ್ಟ್ ಬರೆಯಿರಿ.

ಪ್ರಶ್ನೆ: ಹೊಸ ಬಕೆಟ್‌ಗೆ ಫೋಟೋ ಕಳಿಸುವಾಗ ವಿಸಿಬಿಲಿಟಿ 'ಪಬ್ಲಿಕ್' ಅಂತ ಕೊಟ್ಟರೆ ಫೇಲ್ ಆಗುತ್ತದೆ. ಹಳೆಯ ಬಕೆಟ್‌ನಲ್ಲಿ ಅದೇ ಕೋಡ್ ಚೆನ್ನಾಗಿ ನಡೆಯುತ್ತದೆ. ಎಸ್3 ಪ್ರವೇಶದ ಕೀ ತಪ್ಪಿದೆಯಾ?

ಉತ್ತರ: ಕೀ ಸರಿ ಇದೆ. 2023ರ ಏಪ್ರಿಲ್‌ನಿಂದ ಹೊಸ ಎಸ್3 ಬಕೆಟ್‌ಗಳಲ್ಲಿ ಎಸಿಎಲ್ (ಯಾವ ಫೈಲನ್ನು ಯಾರು ನೋಡಬಹುದು ಅನ್ನೋ ಪಟ್ಟಿ) ಅನ್ನೋದು ಡೀಫಾಲ್ಟ್ ಆಗಿ ಆಫ್. ಫ್ಲೈಸಿಸ್ಟಮ್ 'ಪಬ್ಲಿಕ್' ಅನ್ನು ಎಸಿಎಲ್ ಆಗಿಯೇ ಕಳಿಸುತ್ತದೆ, ಬಕೆಟ್ ಬೇಡ ಅನ್ನುತ್ತದೆ. ಎಸಿಎಲ್ ಮತ್ತೆ ಆನ್ ಮಾಡಲು ಹೋಗಬೇಡಿ. ವಿಸಿಬಿಲಿಟಿ ಕೊಡುವುದನ್ನು ಬಿಟ್ಟು, ಫೋಟೋಗಳ ಪ್ರಿಫಿಕ್ಸ್‌ಗೆ (ಹೆಸರಿನ ಮೊದಲ ಭಾಗಕ್ಕೆ) ಮಾತ್ರ ಓದುವ ಅನುಮತಿಯನ್ನು ಬಕೆಟ್ ಪಾಲಿಸಿಯಲ್ಲಿ ಬರೆಯಿರಿ. ಪಬ್ಲಿಕ್ ಆಕ್ಸೆಸ್ ತಡೆಯುವ ಸೆಟ್ಟಿಂಗ್ ಕೂಡ ಹೊಸ ಬಕೆಟ್‌ನಲ್ಲಿ ಆನ್ ಇರುತ್ತದೆ. ಅದನ್ನು ತೆಗೆಯುವ ಮುಂಚೆ ಆ ಬಕೆಟ್‌ನಲ್ಲಿ ಫೋಟೋ ಬಿಟ್ಟು ಬೇರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ದಾಖಲೆಗಳು ಅದೇ ಬಕೆಟ್‌ನಲ್ಲಿದ್ದರೆ ಮೊದಲು ಅವಕ್ಕೆ ಬೇರೆ ಬಕೆಟ್ ಮಾಡಿ.

ಪ್ರಶ್ನೆ: ನಮ್ಮದು ಒಂದೇ ಸರ್ವರ್, ಎಸ್3ಗೆ ಹೋಗುವ ಯೋಚನೆಯೂ ಇಲ್ಲ. ಆದರೂ ಇದೆಲ್ಲ ಬೇಕಾ?

ಉತ್ತರ: ಫೈಲ್ ಮುಟ್ಟುವ ಜಾಗ ಎರಡೇ ಇದ್ದರೆ ಬೇಡ. ಆ ಎರಡನ್ನೂ ಒಂದು ಚಿಕ್ಕ ಕ್ಲಾಸಿನೊಳಗೆ ಇಡಿ, ಸಾಕು. ಜಾಗ ಹತ್ತಕ್ಕೆ ಏರಿದರೆ ಲೋಕಲ್ ಅಡಾಪ್ಟರ್ ಜೊತೆಗೇ ಫ್ಲೈಸಿಸ್ಟಮ್ ತನ್ನಿ. ಎರಡು ಚುಕ್ಕೆ, ಓರೆಗೆರೆ ಹಾಕಿ ರೂಟ್ ಫೋಲ್ಡರಿನಿಂದ ಆಚೆ ಹೋಗಲು ನೋಡುವ ಪಾತ್‌ಗಳನ್ನು ಅದು ತಾನೇ ತಡೆಯುತ್ತದೆ. ಅದೊಂದಕ್ಕಾದರೂ ನಾನು ಹಾಕಿಕೊಳ್ಳುತ್ತೇನೆ.