ಕುದುರೆ ಕಟ್ಟುವ ಜಾಗದಲ್ಲಿ ಕಾರು ನಿಲ್ಲಿಸಬೇಡ

ಗಂಡನಿಗೆ ವೂಸ್ಟರ್‌ನಲ್ಲಿ ಕೃಷಿ ಸಂಶೋಧನೆ ಕೆಲಸ ಸಿಕ್ಕಿದೆ, ನಾವೂ ಓಹಿಯೋಗೆ ಬರುತ್ತಿದ್ದೇವೆ ಅಂತ ಬರೆದಿದ್ದೀಯ. ಬಾಡಿಗೆ ಹೇಗೆ, ಸೋನಾ ಮಸೂರಿ ಸಿಗುತ್ತಾ, ಅಲ್ಲಿ ಅಂಗಡಿ ಮುಂದೆ ಕುದುರೆಗಾಡಿ ನಿಲ್ಲಿಸ್ತಾರಂತೆ ನಿಜಾನಾ, ಹೊಸದಾಗಿ ಕಾರು ಕಲಿತವಳಿಗೆ ಕಷ್ಟ ಆಗಲ್ವಾ ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯಲ್ಲ, ಅದಕ್ಕೇ ‘ನೀನು’ ಅಂತಲೇ ಬರೆಯುತ್ತೇನೆ.

ಬಾಡಿಗೆ ದೊಡ್ಡ ಊರುಗಳಿಗಿಂತ ಕಡಿಮೆ. ಅಕ್ಕಿಗೆ ನಾನು ಕ್ಲೀವ್‌ಲ್ಯಾಂಡ್ ಕಡೆ ಹೋಗುತ್ತೇನೆ, ಹೋದಾಗ ಎರಡು ಚೀಲ ತಂದುಬಿಡುತ್ತೇನೆ. ಸಾರಿನ ಪುಡಿ ಮಾತ್ರ ಅಮ್ಮನ ಕೈಯದ್ದೇ ತಾ.

ಕುದುರೆಗಾಡಿ ನಿಜ. ವೂಸ್ಟರ್‌ನಿಂದ ದಕ್ಷಿಣಕ್ಕೆ ಹೋಮ್ಸ್ ಕೌಂಟಿ. ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅಮಿಷರು, ಹಳೇ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡದವರು. ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲ. ಬೇರೆಯವರು ಓಡಿಸುವ ಕಾರಿನಲ್ಲಿ ದುಡ್ಡು ಕೊಟ್ಟು ಕೂತು ಹೋಗಬಹುದು. ಅಜ್ಜಿಯ ಮಡಿ ನೋಡಿ ಬೆಳೆದವಳಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾ? ಮನೆಯಲ್ಲಿ ಒಂಥರಾ ಜರ್ಮನ್ ಮಾತಾಡುತ್ತಾರೆ. ಅವರಲ್ಲದವರೆಲ್ಲ ಅವರ ಲೆಕ್ಕದಲ್ಲಿ ‘ಇಂಗ್ಲಿಷ್’ ಜನ. ಹಾಸನದ ನಾನೂ ಇಂಗ್ಲಿಷ್!

ಬ್ಯಾಂಕು, ಹಾರ್ಡ್‌ವೇರ್ ಅಂಗಡಿ, ಮಿಲ್ಲರ್ಸ್‌ಬರ್ಗ್‌ನ ವಾಲ್‌ಮಾರ್ಟ್ ಅಂತ ಸುತ್ತಾಡಿದರೆ ಕುದುರೆ ಕಟ್ಟುವ ಜಾಗ ಕಾಣುತ್ತದೆ. ಎದೆಮಟ್ಟಕ್ಕೆ ಅಡ್ಡ ಹಾಕಿದ ಒಂದು ಕಂಬಿ, ಕೆಲವು ಕಡೆ ಮೇಲೊಂದು ಮಾಡು. ಕಂಬಿ ಮರದ್ದಾದರೆ ಅಂಚೆಲ್ಲ ಅಲೆಅಲೆಯಾಗಿ ಸವೆದಿರುತ್ತದೆ. ಕಾದು ಕಾದು ಬೇಜಾರಾದ ಕುದುರೆ ಸುಮ್ನೆ ಇರುತ್ತಾ, ಕಡಿಯುತ್ತದೆ. ಲಾಳದ ಕಾಲಲ್ಲಿ ಕೆರೆದು ಕೆರೆದು ಡಾಂಬರಿನಲ್ಲೂ ಗುಳಿ ಮಾಡಿರುತ್ತದೆ. ಗುರುವಾರ ಕಿಡ್ರಾನ್ ಅನ್ನೋ ಹತ್ತಿರದ ಊರಲ್ಲಿ ದನದ ಹರಾಜು. ಸಾಲಾಗಿ ಕಪ್ಪು ಗಾಡಿಗಳು, ಒಣಹುಲ್ಲು, ಲದ್ದಿ. ಥೇಟ್ ನಮ್ಮ ಸಂತೆಮಾಳ. ಅಮೆರಿಕಕ್ಕೆ ಬಂದು ಲದ್ದಿ ವಾಸನೆಗೆ ಅತ್ತವಳು ನಾನೊಬ್ಬಳೇ ಇರಬೇಕು.

ಈಗ ನನ್ನ ತಪ್ಪು ಹೇಳುತ್ತೇನೆ. ಬಂದ ಮೊದಲ ಚಳಿಗಾಲ. ಒಂದು ಸಣ್ಣ ಅಂಗಡಿ, ಮಾಡಿನಡಿ ಎರಡೇ ಗಾಡಿಗೆ ಜಾಗ. ಹಿಮದಲ್ಲಿ ನೆಲದ ಗೆರೆ ಮುಚ್ಚಿಹೋಗಿತ್ತು. ಕಂಬಿ ಮಾತ್ರ ಕಾಣುತ್ತಿತ್ತು, ಸುಳ್ಳು ಹೇಳಲಾರೆ. ಬಾಗಿಲಿಗೆ ಹತ್ತಿರ, ಕೈಯಲ್ಲಿ ಮಗು ಬೇರೆ. ಐದು ನಿಮಿಷ ಅಲ್ವಾ ಅಂತ ಕಾರನ್ನು ಓರೆಯಾಗಿ ನುಗ್ಗಿಸಿ ಒಳಗೆ ಹೋದೆ. ಮುಕ್ಕಾಲು ಗಂಟೆ ಆಯಿತು. ಹೊರಗೆ ಬಂದರೆ ಮುದುಕರೊಬ್ಬರು ಬಯಲಲ್ಲಿ ಕುದುರೆಯ ಹಗ್ಗ ಹಿಡಿದು ನಿಂತಿದ್ದಾರೆ. ಗಾಡಿಯ ಕಂಬಳಿ ಕುದುರೆ ಬೆನ್ನ ಮೇಲಿದೆ. ಅವರ ಮೀಸೆಯಿಲ್ಲದ ಗಡ್ಡದ ತುಂಬ ಹಿಮ. ಒಂದು ಮಾತಾಡಲಿಲ್ಲ. ನಾನು ಕಾರು ಹಿಂದಕ್ಕೆ ತೆಗೆಯುವಾಗ ಎಲ್ಲಿ ಜಾರುತ್ತದೆ ಅಂತ ಕೈಸನ್ನೆ ಮಾಡಿ ತೋರಿಸಿದರು. ನಾಚಿಕೆಗೆ ನಾನು ಗಾಜೇ ಇಳಿಸಲಿಲ್ಲ.

ನಮ್ಮ ತಾತ ಸಂತೆಗೆ ಹೋದರೆ ನೊಗ ಇಳಿಸಿ, ಎತ್ತಿಗೆ ನೀರು ತೋರಿಸಿ, ಹುಲ್ಲು ಹಾಕಿ, ಆಮೇಲೇ ತಾವು ಕಾಫಿ ಕುಡಿಯುತ್ತಿದ್ದರು. ಅವರ ಮೊಮ್ಮಗಳಿಗೆ ಕುದುರೆ ಕಟ್ಟುವ ಜಾಗ ಗೊತ್ತಾಗಲಿಲ್ಲವಂತೆ! ಆಮೇಲೆ ಎಷ್ಟೋ ಸಲ ಆ ಅಂಗಡಿ ಹತ್ತಿರ ಅವರನ್ನು ಹುಡುಕಿದೆ. ಅಲ್ಲಿ ಎಲ್ಲ ಮುದುಕರಿಗೂ ಅದೇ ಗಡ್ಡ, ಅದೇ ಟೋಪಿ.

ಕಾರು ಓಡಿಸುವುದು ಕಷ್ಟವಿಲ್ಲ, ಆದರೆ ಇಲ್ಲಿ ದಿಣ್ಣೆಗಳು ಜಾಸ್ತಿ. ದಿಣ್ಣೆ ಆಚೆ ಗಾಡಿ ಇದ್ದೇ ಇದೆ ಅಂದುಕೊಂಡು ಹತ್ತು. ಗಾಡಿ ಹಿಂದೆ, ಇದು ನಿಧಾನ ಹೋಗುವ ಗಾಡಿ ಅಂತ ತಿಳಿಸುವ ಕಿತ್ತಳೆ ತ್ರಿಕೋನ ಇರುತ್ತದೆ. 2022ರಿಂದ ಹಳದಿ ಮಿಣುಕು ದೀಪವೂ ಇರಬೇಕು ಅಂತ ಓಹಿಯೋದಲ್ಲಿ ಕಾನೂನು ಬಂದಿದೆ. ಅಮಿಷರಲ್ಲೇ ಸ್ವಾರ್ಟ್ಸೆನ್‌ಟ್ರೂಬರ್ ಅಂತ ಒಂದು ಕಟ್ಟಾ ಪಂಗಡವಿದೆ, ಅವರು ತ್ರಿಕೋನ ಹಾಕುವುದಿಲ್ಲ. ಕತ್ತಲಾದ ಮೇಲೆ ಅವರ ಲಾಂದ್ರ ನೀನೇ ಕಣ್ಣಿಟ್ಟು ನೋಡಬೇಕು. ಹಾರ್ನ್ ಮಾತ್ರ ಬೇಡ, ಕುದುರೆ ಬೆದರುತ್ತದೆ. ಬೆಂಗಳೂರಿನ ಕೈಗೆ ಇದೇ ಕಷ್ಟ. ಅವರ ಮುಖದ ಫೋಟೋನೂ ತೆಗೆಯಬೇಡ. ಭಾನುವಾರ ಅವರ ಅಂಗಡಿ ತೆಗೆದಿರುವುದಿಲ್ಲ.

ಬಂದ ಮೇಲೆ ತಿಳಿಸು, ಒಂದು ಗುರುವಾರ ಕಿಡ್ರಾನ್‌ಗೆ ಹೋಗೋಣ. ನಾನು ಕಾರು ದೂರ ನಿಲ್ಲಿಸುತ್ತೇನೆ, ನಡೆಯುವುದಿದೆ. ಒಳ್ಳೇ ಬೂಟು ಹಾಕಿಕೊಂಡು ಬಾ.